ತಿರುಗುವಾಗ ಮಾತ್ರ ನಿಲ್ಲುತ್ತಿದ್ದ ರೋಬೋಟ್

ನೆಲಮಂಗಲದ ಕಡೆಯ ಒಂದು ಗೋದಾಮು. ನಮ್ಮ ತಂಡದ ರೋಬೋಟ್ ಅಲ್ಲಿ ಟ್ರಾಲಿ ಎಳೆಯುತ್ತಿತ್ತು. ರ‍್ಯಾಕ್ ಸಾಲು ಮುಗಿದು ತಿರುವು ಬಂದರೆ ಸಾಕು, ನಿಂತುಬಿಡುತ್ತಿತ್ತು. ಎದುರಿಗೆ ನೋಡಿದರೆ ಖಾಲಿ ನೆಲ.

ಎಲ್ಲರಿಗೂ ಸುತ್ತಲಿನ ವಸ್ತುಗಳ ದೂರ ಅಳೆಯುವ ಲೇಸರ್ ಸೆನ್ಸರ್ ಮೇಲೆ ಅನುಮಾನ. ಒರೆಸಿದ್ದಾಯಿತು, ಬೇರೆಯದನ್ನು ಹಾಕಿ ನೋಡಿದ್ದೂ ಆಯಿತು. ಆಗ ಅಲ್ಲಿನ ಸೂಪರ್‌ವೈಸರ್ ಹೇಳಿದರು: "ಮೇಡಂ, ನೆಟ್ಟಗೆ ಹೋಗೋವಾಗ ಒಂದ್ಸಲಾನೂ ನಿಂತಿಲ್ಲ. ಎಡಕ್ಕೋ ಬಲಕ್ಕೋ ತಿರುಗಿದಾಗ್ಲೇ ಈ ಕಾಟ." ನಮ್ಮ ಯಾವ ಲಾಗ್‌ನಲ್ಲೂ ಇಲ್ಲದ ವಿಷಯ ಅದು. ದಿನವಿಡೀ ಪಕ್ಕದಲ್ಲಿ ನಿಂತು ನೋಡಿದವರಿಗೇ ಗೊತ್ತಾಗುವಂಥದ್ದು.

ನಮ್ಮ ರೋಬೋಟ್ ನಡೆಯುವುದು ರಾಸ್ 2 ಮೇಲೆ. ರಾಸ್ ಅಂದರೆ ರೋಬೋಟ್ ಆಪರೇಟಿಂಗ್ ಸಿಸ್ಟಮ್, ರೋಬೋಟಿನ ಪ್ರೋಗ್ರಾಂಗಳನ್ನು ಕಟ್ಟಲು ಬಳಸುವ ಚೌಕಟ್ಟು. ರಾಸ್ 2 ಅದರ ಎರಡನೇ ಪೀಳಿಗೆ. 2007ರ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ, ಸ್ಟ್ಯಾನ್‌ಫರ್ಡ್ ಮತ್ತು ರೋಬೋಟ್ ಕಂಪನಿ ವಿಲೋ ಗರಾಜ್‌ನವರ ಕೈಯಲ್ಲಿ ಬೆಳೆದದ್ದು. ಇದರಲ್ಲಿ ಲೇಸರ್ ಓದುವುದು ಒಂದು ನೋಡ್ (ಒಂದು ಕೆಲಸಕ್ಕೆಂದೇ ಇರುವ ಪ್ರೋಗ್ರಾಂ), ಚಕ್ರದ ಲೆಕ್ಕ ಇಡುವುದು ಇನ್ನೊಂದು, ದಾರಿ ಹುಡುಕುವುದು ಮತ್ತೊಂದು. ಅವು ಮೆಸೇಜ್ ಕಳಿಸಿಕೊಳ್ಳುತ್ತವೆ. ಆ ಮೆಸೇಜ್‌ಗಳನ್ನೆಲ್ಲ ಬ್ಯಾಗ್ ಎಂಬ ಫೈಲಿನಲ್ಲಿ ಹಿಡಿದಿಟ್ಟು, ಆಮೇಲೆ ಬೇಕಾದಷ್ಟು ಸಲ ಓಡಿಸಿ ನೋಡಬಹುದು. ರಾಸ್ ಕೊಟ್ಟಿರುವುದರಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಬೆಲೆಯುಳ್ಳದ್ದು ಇದೇ.

ತಿರುವಿನ ಬ್ಯಾಗ್ ತೆಗೆದುಕೊಂಡು, ಲೇಸರ್ ಕಂಡದ್ದನ್ನು ಪರದೆಯ ಮೇಲೆ ಚುಕ್ಕೆಗಳಾಗಿ ತೋರಿಸುವ ಆರ್‌ವಿಜ್‌ನಲ್ಲಿ ನಿಧಾನಕ್ಕೆ ಓಡಿಸಿದೆವು. ರೋಬೋಟ್ ಎಡಕ್ಕೆ ತಿರುಗಿದ ಕೂಡಲೇ ಎಡಗಡೆಯ ರ‍್ಯಾಕಿನ ಚುಕ್ಕೆಗಳು ಸರಿದು ದಾರಿಗೆ ಅಡ್ಡ ಬಂದವು. ತಿರುಗುವುದು ನಿಂತಾಗ ಸ್ವಸ್ಥಾನಕ್ಕೆ ಮರಳಿದವು. ಗಟ್ಟಿ ಕಬ್ಬಿಣದ ರ‍್ಯಾಕ್ ಹಾಗೆ ಓಡಾಡುವುದಿಲ್ಲ ಅಲ್ವಾ? ಹಾಗಾದರೆ ತಪ್ಪಿರುವುದು ಸಮಯ. ಪ್ರತಿ ಮೆಸೇಜಿನಲ್ಲೂ ಅಳತೆಯ ಸಮಯ ಹೇಳುವ ಟೈಮ್‌ಸ್ಟ್ಯಾಂಪನ್ನು ಅದು ಬ್ಯಾಗಿಗೆ ಬಂದ ಸಮಯದ ಜೊತೆ ಹೋಲಿಸಿದೆವು. ಲೇಸರಿನದು ಮಾತ್ರ ಸುಮಾರು 100 ಮಿಲಿಸೆಕೆಂಡ್ ಹಿಂದಿತ್ತು.

ಅಷ್ಟು ಸಾಕು. ಸೆಕೆಂಡಿಗೆ 1 ರೇಡಿಯನ್ (ಸುಮಾರು 57 ಡಿಗ್ರಿ) ವೇಗದಲ್ಲಿ ತಿರುಗುವಾಗ 100 ಮಿಲಿಸೆಕೆಂಡಿಗೆ ಸುಮಾರು 6 ಡಿಗ್ರಿ ತಪ್ಪುತ್ತದೆ. 5 ಮೀಟರ್ ದೂರದ ವಸ್ತು ಅರ್ಧ ಮೀಟರ್ ಪಕ್ಕದಲ್ಲಿ ಕಾಣುತ್ತದೆ. ನೆಟ್ಟಗೆ ಸೆಕೆಂಡಿಗೆ 1 ಮೀಟರ್ ಹೋಗುವಾಗ ಅದೇ ತಪ್ಪು ಬರೀ 10 ಸೆಂಟಿಮೀಟರ್. ಸೂಪರ್‌ವೈಸರ್ ಕಂಡದ್ದು ಇದನ್ನೇ.

ರೋಬೋಟಿನಲ್ಲಿ ಎರಡು ಕಂಪ್ಯೂಟರ್ ಇದ್ದವು, ಲೇಸರ್ ಓದುವುದು ಒಂದು, ಉಳಿದದ್ದು ನೋಡಿಕೊಳ್ಳುವುದು ಇನ್ನೊಂದು. ಎರಡಕ್ಕೂ ಅದರದರದೇ ಗಡಿಯಾರ. ಗೋದಾಮಿನ ನೆಟ್‌ವರ್ಕ್‌ಗೆ ಇಂಟರ್ನೆಟ್ ಇರಲಿಲ್ಲ. ಹಾಗಾಗಿ ಹೊರಗಿನ ಸಮಯ ಸಿಗದೆ ಎರಡೂ ಮೆಲ್ಲಗೆ ದೂರವಾಗಿದ್ದವು. ಲೇಸರಿನ ಸಮಯ ಮುಂದಿದ್ದಿದ್ದರೆ, ಆ ಹೊತ್ತಿನ ಸ್ಥಾನ ಇನ್ನೂ ಗೊತ್ತಿಲ್ಲವೆಂದು ರಾಸ್ ಸಾಮಾನ್ಯವಾಗಿ ಎರರ್ ಕೊಡುತ್ತಿತ್ತು. ಹಿಂದಿದ್ದರೆ ರೋಬೋಟಿನ ಹಳೆಯ ಸ್ಥಾನ ಹುಡುಕಿ ಲೆಕ್ಕ ಮಾಡಿಬಿಡುತ್ತದೆ, ಯಾವ ದೂರೂ ಇಲ್ಲದೆ. ಇಂಥ ತಪ್ಪಿಗೇ ನಾನು ಹೆದರುವುದು.

ಗಡಿಯಾರಗಳನ್ನು ಹೊಂದಿಸುವ ಕ್ರೋನಿ ಎಂಬ ಪ್ರೋಗ್ರಾಂ ಹಾಕಿ ಒಂದು ಕಂಪ್ಯೂಟರ್ ಇನ್ನೊಂದರ ಸಮಯ ಅನುಸರಿಸುವಂತೆ ಮಾಡಿದೆವು. ಸಂಜೆಯವರೆಗೂ ಅದೇ ತಿರುವಿನಲ್ಲಿ ಓಡಿಸಿದೆವು, ಒಮ್ಮೆಯೂ ನಿಲ್ಲಲಿಲ್ಲ. ಎರಡು ಗಡಿಯಾರಗಳ ಅಂತರ ನೋಡುವ ಚಿಕ್ಕ ನೋಡ್ ಒಂದನ್ನೂ ಬರೆದೆವು. ಅಂತರ ಮಿತಿ ಮೀರಿದರೆ ರೋಬೋಟ್ ಈಗ ಹೊರಡುವುದೇ ಇಲ್ಲ, ಯಾಕೆಂದು ಪರದೆಯ ಮೇಲೆ ಕನ್ನಡದಲ್ಲೇ ಹೇಳುತ್ತದೆ.