ನವೆಂಬರ್ 20

ಹಿಂಸೆಗೆ ಬಲಿಯಾದ ಲಿಂಗತ್ವ ಅಲ್ಪಸಂಖ್ಯಾತರನ್ನು ಇವತ್ತು ಜಗತ್ತಿನ ಹಲವೆಡೆ ಹೆಸರು ಹೇಳಿ ನೆನೆಯುತ್ತಾರೆ. 1998ರ ನವೆಂಬರ್‌ನಲ್ಲಿ ಬಾಸ್ಟನ್ ನಗರದಲ್ಲಿ ರೀಟಾ ಹೆಸ್ಟರ್ ಎಂಬ ಕಪ್ಪು ಟ್ರಾನ್ಸ್ ಮಹಿಳೆಯನ್ನು (ಹುಟ್ಟಿದಾಗ ಗಂಡೆಂದು ಗುರುತಿಸಿದರೂ ಹೆಣ್ಣಾಗಿ ಬದುಕುವವರನ್ನು ಹೀಗೆ ಕರೆಯುತ್ತಾರೆ) ಅವರ ಮನೆಯಲ್ಲೇ ಇರಿದು ಕೊಂದರು. ಸತ್ತ ಮೇಲೂ ಕೆಲವು ಪತ್ರಿಕೆಗಳು ಅವರನ್ನು ಗಂಡಸೆಂದೇ ಬರೆದವು. ಮರುವರ್ಷ ಅಮೆರಿಕದ ಟ್ರಾನ್ಸ್ ಹೋರಾಟಗಾರ್ತಿ ಗ್ವೆಂಡೊಲಿನ್ ಆನ್ ಸ್ಮಿತ್ ಈ ಸ್ಮರಣೆ ಶುರುಮಾಡಿದರು.

ನನ್ನನ್ನು ಹೆಚ್ಚು ಕಾಡುವುದು ನಮ್ಮ ಪಕ್ಕದ ಹೈದರಾಬಾದ್. 2018ರ ಮೇ ತಿಂಗಳಲ್ಲಿ, ರಂಜಾನ್ ಸಮಯದಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನೋ ವಾಟ್ಸಾಪ್ ವದಂತಿ ನಂಬಿ ಜನ ಗುಂಪುಗೂಡಿ ಒಬ್ಬ ಟ್ರಾನ್ಸ್ ಮಹಿಳೆಯನ್ನು ಹೊಡೆದು ಸಾಯಿಸಿದರು. ಆ ವದಂತಿಯನ್ನು ಹುಟ್ಟಿಸಿದವರು ಯಾರೋ ಇರಬಹುದು. ಆದರೆ ಅದನ್ನು ಅಷ್ಟು ಸಲೀಸಾಗಿ ನಂಬುವ ಮನಸ್ಸು ಮೊದಲೇ ತಯಾರಾಗಿತ್ತಲ್ಲ! ನಮ್ಮಲ್ಲೂ ಅದೇ ಕಥೆ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಕಲಂ ಸೇರಿಸಿ, ಹುಡುಗರನ್ನು ಅಪಹರಿಸುತ್ತಾರೆಂಬ ಗುಮಾನಿಯ ಮೇಲೆ ಹಿಜ್ರಾಗಳ ಪಟ್ಟಿ ಇಡಲು ಪೊಲೀಸರಿಗೆ ಅಧಿಕಾರ ಕೊಟ್ಟಿದ್ದರು. ಸಮುದಾಯದವರು ಹೈಕೋರ್ಟಿಗೆ ಹೋದ ಮೇಲೆ, 2016ರಲ್ಲಿ ಅದು ತಿದ್ದುಪಡಿಯಾಯಿತು.

ಇನ್ನು 2019ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣೆಗೆಂದು ಕೇಂದ್ರದ ಕಾಯ್ದೆ ಬಂದಾಗ, ಇವರ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದರೆ ಆರು ತಿಂಗಳಿಂದ ಎರಡು ವರ್ಷ ಜೈಲು ಅಂತ ಬರೆದರು. ಹೆಣ್ಣುಮಕ್ಕಳ ಮೇಲಿನ ಅತ್ಯಾಚಾರಕ್ಕೆ ಆಗಲೇ ಕನಿಷ್ಠ ಹತ್ತು ವರ್ಷವಿತ್ತು. ನೋವಿಗೆ ಇಷ್ಟು ಕಡಿಮೆ ಬೆಲೆ ಕಟ್ಟಿದ್ದನ್ನು ನನಗೆ ಒಪ್ಪಲಾಗುತ್ತಿಲ್ಲ.

ಫ್ಯಾಮಿಲಿ ಗ್ರೂಪಿನಲ್ಲಿ ಮಕ್ಕಳ ಕಳ್ಳರ ವಿಡಿಯೋ ಬಂದರೆ ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಕಳಿಸಿದವರು ಮಾವನೇ ಆಗಲಿ, ಅತ್ತಿಗೆಯೇ ಆಗಲಿ, ಅಲ್ಲೇ ಕೇಳಿ: ಇದು ಎಲ್ಲಿಯದು, ಯಾವಾಗಿನದು?