ಸಾವಿರ ಹುಣ್ಣಿಮೆಗೆ ಮುಂಬೈಗೆ ಹೋಗಿದ್ದು

ಅಮ್ಮನ ಚೀಲ ಎತ್ತಿ ನೋಡಿದಾಗಲೇ ನನಗೆ ಗೊತ್ತಾಗಿತ್ತು, ಇದು ಎರಡು ದಿನದ ಪ್ರವಾಸದ ತೂಕ ಅಲ್ಲ. ಒಳಗೆ ಹಪ್ಪಳ, ಕುಚ್ಚಲಕ್ಕಿ, ಬೆಲ್ಲ, ನಮ್ಮ ಕಡೆಯ ಬದನೆ ಮಟ್ಟುಗುಳ್ಳ ಹದಿನೈದು. ಇದರ ಜೊತೆ, ಯಾರ ಕೈಗೂ ಕೊಡದೆ ಅಮ್ಮ ತೊಡೆ ಮೇಲೇ ಇಟ್ಟುಕೊಂಡ ಬಾಳೆ ಎಲೆಯ ಕಟ್ಟು: ಎರಡು ಅಟ್ಟೆ ಶಂಕರಪುರ ಮಲ್ಲಿಗೆ. ನಮ್ಮ ಕಡೆ ಮಲ್ಲಿಗೆಯ ಲೆಕ್ಕವೇ ಬೇರೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ ಅಮ್ಮನ ತೊಡೆ ಮೇಲೆ 6,400 ಹೂ ಇದ್ದವು.

"ಮುಂಬೈಯಲ್ಲಿ ಹೂ ಸಿಗೂದಿಲ್ವಾ ಅಮ್ಮ?" ಎಂದೆ.

"ಸಿಕ್ಕತ್ತ್. ನಮ್ಮೂರ್ ಮಲ್ಲಿಗಿ ಸಿಕ್ಕತ್ತಾ?" ಎಂದರು. ನಾನು ಸುಮ್ಮನಾದೆ.

ದೊಡ್ಡಪ್ಪನ ಸಹಸ್ರ ಚಂದ್ರ ದರ್ಶನ ಶಾಂತಿ, ಅಂದರೆ ಸಾವಿರ ಹುಣ್ಣಿಮೆ ಕಂಡವರಿಗೆ ಮಾಡುವ ಶಾಂತಿ. 2025ರ ಫೆಬ್ರವರಿಯ ಒಂದು ಭಾನುವಾರ, ಮುಂಬೈಯ ಮಾಟುಂಗಾದಲ್ಲಿ. ಶುಕ್ರವಾರ ಸಂಜೆ ನಾಲ್ಕರ ಸುಮಾರಿಗೆ ನಾನು, ಹೆಂಡತಿ, ಅಮ್ಮ ಮೂವರೂ ಕುಂದಾಪುರದಲ್ಲಿ ಮತ್ಸ್ಯಗಂಧ ರೈಲು ಹತ್ತಿದೆವು. ಬೆಳಗ್ಗೆ ಏಳರೊಳಗೆ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್. ರಾತ್ರಿ ಮಲಗಿ ಎದ್ದರೆ ಮುಂಬೈ. 741 ಕಿಲೋಮೀಟರಿನ ಕೊಂಕಣ ರೈಲು ಮಾರ್ಗ ಪೂರ್ತಿಯಾಗಿ ತೆರೆದದ್ದು 1998ರ ಜನವರಿ 26ಕ್ಕೆ. ಅದಕ್ಕಿಂತ 42 ವರ್ಷ ಮೊದಲು ಹೊರಟವರು ನಮ್ಮ ದೊಡ್ಡಪ್ಪ. ಆಗ ಅವರಿಗೆ ಹನ್ನೆರಡು ವರ್ಷ. ಬಸ್ಸಿನಲ್ಲಿ ಘಟ್ಟ ಹತ್ತಿ, ಹುಬ್ಬಳ್ಳಿಗೆ ಹೋಗಿ, ಅಲ್ಲಿಂದ ಪುಣೆ ಮೇಲೆ ರೈಲು. ಮೂರನೇ ದಿನಕ್ಕೆ ಬೊಂಬಾಯಿ. ಮಾಟುಂಗಾದ ಒಂದು ಉಡುಪಿ ಹೋಟೆಲಿನಲ್ಲಿ ಲೋಟ ತೊಳೆಯುವ ಕೆಲಸ.

ಮಾಟುಂಗಾ ತಲುಪಿದ ಮೇಲೆ ಮೊದಲ ಪೆಟ್ಟು ಬಿದ್ದದ್ದು ಅಮ್ಮನಿಗೆ. ಟ್ಯಾಕ್ಸಿ ಮಾರ್ಕೆಟ್ ಹತ್ತಿರ ನಿಂತಿತು. ಎದುರಿಗೇ ಹೂವಿನ ಅಂಗಡಿ. ಅಲ್ಲಿ ಒದ್ದೆ ಗೋಣಿಯ ಮೇಲೆ, ನಮ್ಮದೇ ಥರ ಬಾಳೆ ಎಲೆ ಸುತ್ತಿದ ನಮ್ಮೂರ ಮಲ್ಲಿಗೆ ಕೂತಿತ್ತು. ನಮಗಿಂತ ಮೊದಲೇ ಬಂದು, ನಮಗಿಂತ ಫ್ರೆಶ್ಶಾಗಿ. ವಿಮಾನದಲ್ಲಿ ಬರುತ್ತದಂತೆ. ಅಮ್ಮ ಐದು ನಿಮಿಷ ಮಾತಾಡಲಿಲ್ಲ. ಆಮೇಲೆ, "ನಮ್ದರಷ್ಟು ಪರಿಮಳ ಇಲ್ಲೆ" ಎಂದು ತೀರ್ಪು ಕೊಟ್ಟರು. ಮೂಸಿ ನೋಡಿರಲಿಲ್ಲ.

ದೊಡ್ಡಪ್ಪ ಈಗ ಇರುವುದು ಡೊಂಬಿವಲಿಯಲ್ಲಿ. ಆದರೆ ಕಾರ್ಯಕ್ರಮ ಮಾಟುಂಗಾದಲ್ಲೇ ಆಗಬೇಕೆಂದು ಹಟ. ಹೋಮ ಬೆಳಗ್ಗೆ ಆರಕ್ಕೇ ಶುರು, ಹಾಗಾಗಿ ಅಣ್ಣ, ಅಂದರೆ ದೊಡ್ಡಪ್ಪನ ಮಗ, ಹಾಲ್ ಹತ್ತಿರವೇ ಎಲ್ಲರಿಗೂ ರೂಮು ಮಾಡಿದ್ದ. ಶನಿವಾರ ಮಧ್ಯಾಹ್ನ ದೊಡ್ಡಪ್ಪನೇ ನಮ್ಮನ್ನು ಊಟಕ್ಕೆ ಹೊರಡಿಸಿದರು. ಸ್ಟೇಷನ್ ಪಕ್ಕದ ಮಹಡಿ ಮೇಲಿನ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. 1942ರಿಂದ ಇದೆ. ಮೆಟ್ಟಿಲ ಮೇಲೇ ಸಾಲು. ಬಾಳೆ ಎಲೆ ಹಾಕಿ ಬಡಿಸುತ್ತಾರೆ. ಸಾರಿನ ರುಚಿ ಹೇಳಬೇಕೆಂದಿದ್ದೆ. ಆದರೆ ನನಗೆ ನೆನಪಿರುವುದು ಬೇರೆಯೇ. ದೊಡ್ಡಪ್ಪ ಕೂತ ತಕ್ಷಣ ನೀರಿನ ಲೋಟ ಎತ್ತಿ, ಬೆಳಕಿಗೆ ಹಿಡಿದು, ಒಳಗಿನ ಅಂಚಿನ ಮೇಲೆ ಬೆರಳಾಡಿಸಿದರು. ತಲೆ ಆಡಿಸಿ ಕೆಳಗಿಟ್ಟರು. ಪಾಸ್!

"ಎಲ್ಲಿ ಹೋದರೂ ಹೀಗೇ," ಎಂದು ದೊಡ್ಡಮ್ಮ ನಿಟ್ಟುಸಿರು ಬಿಟ್ಟರು. "ಬೀಗರ ಮನೆಯಲ್ಲೂ."

ಊಟ ಮುಗಿಸಿ ನಡೆದೆವು. ಮಾಟುಂಗಾದ ರಸ್ತೆಗಳು ಅಗಲ, ಎರಡೂ ಕಡೆ ದೊಡ್ಡ ಮರ. ನಾನು ಅಂದುಕೊಂಡಿದ್ದ ಮುಂಬೈಗೂ ಇದಕ್ಕೂ ಸಂಬಂಧವೇ ಇಲ್ಲ. 1896ರಲ್ಲಿ ಪ್ಲೇಗ್ ಬಂದು ಹಳೆಯ ಪೇಟೆಗಳ ಇಕ್ಕಟ್ಟು ಸರ್ಕಾರದ ಕಣ್ಣಿಗೆ ಬಿತ್ತು. 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಮಾಡಿದರು. ಗೆರೆ ಎಳೆದು ಕಟ್ಟಿಸಿದ ಬಡಾವಣೆ ಇದು. ದಾದರ್ ಕಡೆ ಹೋದರೆ ಫೈವ್ ಗಾರ್ಡನ್ಸ್ ಕೂಡ ಅದೇ ಯೋಜನೆಯದು. ಹೊಸ ಮನೆಗಳಿಗೆ ದಕ್ಷಿಣದ ಗುಮಾಸ್ತರು ಬಂದರು, ಅವರ ಹಿಂದೆ ಕಾಫಿ ಬಂತು, ಕಾಫಿಯ ಹಿಂದೆ ನಮ್ಮೂರ ಹುಡುಗರು.

ದೊಡ್ಡಪ್ಪ ಕೆಲಸ ಮಾಡಿದ ಹೋಟೆಲ್ ಈಗಿಲ್ಲ. ಆ ಜಾಗದಲ್ಲಿ ಮೊಬೈಲ್ ಅಂಗಡಿ. ಅದರ ಮುಂದೆ ನಿಂತು ಕೋಲಿನಿಂದ ತೋರಿಸಿದರು. "ಅಲ್ಲಿ ಆ ಕವರ್ ನೇತುಹಾಕಿದ್ದಾರಲ್ಲ, ಅಲ್ಲಿ ತೊಟ್ಟಿ. ಬೆಳಗ್ಗೆ ಐದಕ್ಕೆ ಕೂತರೆ ಹನ್ನೊಂದಕ್ಕೆ ಏಳುವುದು. ರಾತ್ರಿ ಕನ್ನಡ ಶಾಲೆ. ಮುಗಿಸಿ ಬಂದು ಎರಡು ಟೇಬಲ್ ಜೋಡಿಸಿ ಮಲಗುವುದು. ಟೇಬಲ್ ಸಿಗದವ ಮೆಟ್ಟಿಲ ಕೆಳಗೆ." ಮುಂಬೈಯಲ್ಲಿ ಹೋಟೆಲ್ ಹುಡುಗರನ್ನು ಓದಿಸಿದ್ದೇ ಕನ್ನಡದ ರಾತ್ರಿ ಶಾಲೆಗಳು. ದೊಡ್ಡಪ್ಪ ಮೆಟ್ರಿಕ್ ಮುಗಿಸಿದ್ದು ಅಲ್ಲಿಯೇ. ಲೋಟದಿಂದ ಮಾಣಿ, ಮಾಣಿಯಿಂದ ಕ್ಯಾಶಿಯರ್. "ಮನೆಯಲ್ಲಿ ಹುಡುಗ ಅಂತ ಮಾಣಿ ಎನ್ನುತ್ತಿದ್ದರು. ಇಲ್ಲಿ ತಿಂಡಿ ಕೊಡುವವ ಅಂತ ಮಾಣಿ. ಹೆಸರು ಬದಲಾಗಲೇ ಇಲ್ಲ."

ಹೆಸರು ಬದಲಾಗಲಿಲ್ಲ, ರಾಜ್ಯಗಳು ಬದಲಾದವು. 1956ರ ಬೇಸಿಗೆಯಲ್ಲಿ ಅವರು ಹೊರಟಾಗ ಕುಂದಾಪುರ ಇದ್ದದ್ದು ಮದ್ರಾಸ್ ರಾಜ್ಯದಲ್ಲಿ. ಅದೇ ನವೆಂಬರ್ 1ಕ್ಕೆ ಮೈಸೂರಿಗೆ ಸೇರಿತು. ಇತ್ತ ಬೊಂಬಾಯಿ ರಾಜ್ಯ 1960ರಲ್ಲಿ ಮಹಾರಾಷ್ಟ್ರ ಆಯ್ತು. 1973ರಲ್ಲಿ ಮೈಸೂರು ಹೋಗಿ ಕರ್ನಾಟಕ. "ನಾ ಕೂತ ಸ್ಟೂಲ್ ಮಾತ್ರ ಅದೇ," ಎಂದರು ದೊಡ್ಡಪ್ಪ.

ಸಂಜೆ ನಾನೂ ಹೆಂಡತಿಯೂ ಲೋಕಲ್ ಹತ್ತಿ ಸಿಎಸ್‌ಎಂಟಿ ಸ್ಟೇಷನ್ ಕಟ್ಟಡ ನೋಡಿ, ಮರೀನ್ ಡ್ರೈವ್‌ಗೆ ಹೋದೆವು. ಅದರ ಬಗ್ಗೆ ನಾನು ಹೊಸದಾಗಿ ಹೇಳುವಂಥದ್ದು ಏನೂ ಇಲ್ಲ. ಸಮುದ್ರ ನಮಗೆ ಹೊಸದಲ್ಲ, ಅಲ್ವಾ? ಬರುವಾಗ ಚರ್ಚ್‌ಗೇಟಿನಿಂದ ಹತ್ತಿ, ಮಾಟುಂಗಾ ಎಂಬ ಬೋರ್ಡ್ ಕಂಡ ಕೂಡಲೇ ಇಳಿದೆವು. ಅಣ್ಣ ಫೋನ್ ಮಾಡಿದ. "ಮಾಟುಂಗಾ ಸ್ಟೇಷನ್ ಎದುರೇ ನಿಂತಿದ್ದೀನಿ." ನಾವೂ ಮಾಟುಂಗಾ ಸ್ಟೇಷನ್ ಎದುರೇ ನಿಂತಿದ್ದೆವು. ಹತ್ತು ನಿಮಿಷ ಇಬ್ಬರೂ ಕೈ ಬೀಸಿದೆವು. ಮಾಟುಂಗಾಕ್ಕೆ ಮೂರು ಸ್ಟೇಷನ್ ಇವೆ ಎಂದು ಗೊತ್ತಾಗಿದ್ದು ಆಗ. ಸೆಂಟ್ರಲ್ ಲೈನಿನಲ್ಲಿ ಮಾಟುಂಗಾ, ಹಾರ್ಬರ್ ಲೈನಿನಲ್ಲಿ ಕಿಂಗ್ಸ್ ಸರ್ಕಲ್, ವೆಸ್ಟರ್ನ್ ಲೈನಿನಲ್ಲಿ ಮಾಟುಂಗಾ ರೋಡ್. ನಾವು ಇಳಿದದ್ದು ಕೊನೆಯದರಲ್ಲಿ, 'ರೋಡ್' ಓದಿರಲಿಲ್ಲ. ಹಳಿಗಳ ಮೇಲಿನ ಝೆಡ್ ಬ್ರಿಡ್ಜ್ ಹತ್ತಿ, ತಿರುಗಿ, ಮತ್ತೆ ತಿರುಗಿ ಆ ಕಡೆ ಬಂದೆವು. ಇತ್ತ ಸೆಂಟ್ರಲ್ ಲೈನಿನ ಮಾಟುಂಗಾವನ್ನು 2017ರಿಂದ ಪೂರ್ತಿ ಹೆಂಗಸರೇ ನಡೆಸುತ್ತಾರೆ. "ಅದಕ್ಕೇ ಅಲ್ಲಿ ಯಾರೂ ದಾರಿ ತಪ್ಪುವುದಿಲ್ಲ," ಎಂದಳು ಹೆಂಡತಿ. ಬೋರ್ಡ್ ಓದಿ ಇಳಿಸಿದವನು ನಾನಾಗಿದ್ದೆ.

ಭಾನುವಾರದ ಹೋಮ, ಕಲಶದ ನೀರು, ದೀಪಗಳ ಆರತಿ ಎಲ್ಲ ಚೆನ್ನಾಗಿ ನಡೆಯಿತು. ದೊಡ್ಡಪ್ಪ, ದೊಡ್ಡಮ್ಮ ಮತ್ತೊಮ್ಮೆ ಹಾರ ಬದಲಾಯಿಸಿಕೊಂಡರು. ಅಮ್ಮನ ಮಲ್ಲಿಗೆ, ಅಂಗಡಿಯ ಮಲ್ಲಿಗೆ ಎರಡೂ ಬೆರೆತು ಹೋದವು. ಯಾವುದು ಯಾವುದೆಂದು ಅಮ್ಮನಿಗೂ ಗೊತ್ತಾಗಲಿಲ್ಲ, ಕೇಳಿದವರಿಗೆಲ್ಲ ಎಲ್ಲವೂ ನಮ್ಮದೇ ಎಂದರು.

ಊಟದ ಹೊತ್ತಿಗೆ ಮೊಮ್ಮಗ ಫೋನ್ ಹಿಡಿದು ಲೆಕ್ಕ ಒಪ್ಪಿಸಿದ. ಹುಣ್ಣಿಮೆಯಿಂದ ಹುಣ್ಣಿಮೆಗೆ 29.53 ದಿನ. ಸಾವಿರ ಹುಣ್ಣಿಮೆಗೆ 29,530 ದಿನ. ಅಂದರೆ ಹತ್ತಿರ ಹತ್ತಿರ 80 ವರ್ಷ 10 ತಿಂಗಳು. "ಅಜ್ಜ, ನಿಮ್ದು ಕರೆಕ್ಟ್ ಟೈಮ್‌ಗೆ ಬಂತು!"

ದೊಡ್ಡಪ್ಪ ಗುಳ್ಳದ ಬೋಳುಹುಳಿ ಕಲಸುತ್ತಾ ಯೋಚಿಸಿದರು. "ಕಂಡದ್ದು ಮಾತ್ರ ಲೆಕ್ಕ ಅಲ್ದಾ? ಮಳೆಗಾಲದಲ್ಲಿ ಇಲ್ಲಿ ನಾಲ್ಕು ತಿಂಗಳು ಚಂದ್ರನೇ ಇಲ್ಲ. ಅದರಲ್ಲೇ ಮುನ್ನೂರು ಹೋಯ್ತು. ಹೋಟೆಲಲ್ಲಿದ್ದಾಗ ಸಂಜೆ ಶಾಲೆ, ರಾತ್ರಿ ಟೇಬಲ್ ಕೆಳಗೋ ಮೇಲೋ. ತಲೆ ಎತ್ತಿ ನೋಡಿದ್ದೇ ನೆನಪಿಲ್ಲ. ನಂದು ಇನ್ನೂ ಐನೂರು ಆಗಿದ್ದರೆ ಜಾಸ್ತಿ."

"ಹಾಗಾದರೆ ಇನ್ನೊಂದು ಸಲ ಮಾಡಬೇಕಾಗುತ್ತದೆ," ಎಂದ ಪುರೋಹಿತರಿಗೆ, "ಮಾಡುವಾ, ಅದಕ್ಕೆಂತ," ಎಂದು ಹಯಗ್ರೀವ ಇನ್ನೊಂದು ಸೌಟು ಹಾಕಿಸಿಕೊಂಡರು. ನೀರಿನ ಲೋಟ ಮಾತ್ರ ಆ ದಿನವೂ ಬೆಳಕಿಗೆ ಹಿಡಿದೇ ಕುಡಿದದ್ದು. ಕೊರಳಲ್ಲಿ ಹಾರ ಇನ್ನೂ ಇತ್ತು.

ಮಧ್ಯಾಹ್ನದ ಮತ್ಸ್ಯಗಂಧಕ್ಕೆ ಓಡಿ ಓಡಿ ಬಂದೆವು. ಹೋಗುವಾಗ ಒಂದು ಚೀಲ, ಬರುವಾಗ ಮೂರು. ಅದರಲ್ಲಿ ಒಂದು ದೊಡ್ಡಮ್ಮ ಅಮ್ಮನ ಕೈಗೆ ತುರುಕಿದ್ದು, "ಊರಲ್ಲಿ ತೆಗೆದು ಕಾಣ್" ಎಂದು. ಅಮ್ಮನಿಗೆ ಊರು ಬರುವತನಕ ತಡೆಯಲಿಲ್ಲ. ಕರ್ಬುಡೆಯ ಆರೂವರೆ ಕಿಲೋಮೀಟರಿನ ಸುರಂಗ ದಾಟಿ ರತ್ನಾಗಿರಿ ಬರುವ ಹೊತ್ತಿಗೆ ಗಂಟು ಬಿಚ್ಚಿದರು. ಮಾಟುಂಗಾ ಅಂಗಡಿಯ ಹಪ್ಪಳ, ದೊಡ್ಡ ಪ್ಯಾಕೆಟ್ಟು. ಕನ್ನಡಕ ಹಾಕಿಕೊಂಡು ಹಿಂದಿನ ಅಕ್ಷರ ಓದಿದರು. ತಯಾರಿಸಿದ ಸ್ಥಳ, ಕುಂದಾಪುರ ತಾಲ್ಲೂಕು.

"ಮಾಣಿ, ಇಲ್ಲ್ ಕಾಣ್," ಎಂದು ನನ್ನನ್ನು ಎಬ್ಬಿಸಿದರು. "ಇದ್ ನಮ್ ಬಸ್‌ಸ್ಟ್ಯಾಂಡ್ ಹಿಂದಿನವರದ್ದೇ ಅಲ್ದಾ?"