ಬಣ್ಣ ಬದಲಾಗೋ ಮುಂಚೆ

ರಾಯಚೂರಿನ ಬಿಸಿಲು ಇವತ್ತು ಕಿಟಕಿ ದಾಟಿ ನೇರ ತರಗತಿಯ ಪ್ರೊಜೆಕ್ಟರ್ ಪರದೆ ಮೇಲೇ ಬಿದ್ದಿತ್ತು. ವಿಡಿಯೊದಲ್ಲಿ, ಆಮ್ಲ ತಾಗಿದರೆ ಬಣ್ಣ ಬದಲಿಸೋ ನೀಲಿ ಲಿಟ್ಮಸ್ ಕಾಗದ ಕೆಂಪಾಯ್ತು. ಹಿಂದಿನ ಬೆಂಚಿಗೆ ಎರಡೂ ಬೂದಿ ಬಣ್ಣ.

ಪ್ರೊಜೆಕ್ಟರ್ ಬೆಳಕು ಚೆಲ್ಲತ್ತೆ, ಕತ್ತಲೆಯನ್ನ ಕೋಣೆಯೇ ಕೊಡಬೇಕು. ಪರದೆ ಎದುರಿನ ಕಿಟಕಿಗೆ ದಪ್ಪ ಚಾದರ ಕಟ್ಟಿದರೂ ಸಾಕು. ಸರ್ಕಾರದ ಕಲಿಕೆಯ ಆ್ಯಪ್ ದೀಕ್ಷಾದಲ್ಲಿ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಹಿಂದಿನ ರಾತ್ರಿಯೇ ಡೌನ್‌ಲೋಡ್ ಮಾಡಿಟ್ಟರೆ ತರಗತಿಯಲ್ಲಿ ನೆಟ್ ಬೇಕಿಲ್ಲ. ಫ್ಯಾನ್ ತಿರುಗುವಾಗ ಫೋನಿನ ಸದ್ದು ಹಿಂದಿನ ಸಾಲಿಗೆ ಮುಟ್ಟಲ್ಲ, ಸ್ಪೀಕರ್ ಇರಲಿ.

ಎಲ್ಲಕ್ಕಿಂತ ದೊಡ್ಡದು ವಿಡಿಯೊ ತಡೆದು ನಿಲ್ಲಿಸೋ ಪಾಝ್ ಬಟನ್. ನಿಂಬೆರಸದ ಹನಿ ಕಾಗದಕ್ಕೆ ಬೀಳೋ ಮುಂಚೆ ನಿಲ್ಲಿಸಬೇಕು. "ಈಗ ಏನಾಗ್ತದ, ಬರೀರಿ ನೋಡೋಣ." ಬರೆದ ಮೇಲೇ ಮುಂದಕ್ಕೆ. 5 ನಿಮಿಷದ ವಿಡಿಯೊಗೆ 20 ನಿಮಿಷ ಹೋಗ್ಲಿ. ಒಂದೇ ಸಮನೆ ಓಡಿಸಿದರೆ ಮಕ್ಕಳು ನೋಡ್ತಾರೆ, ಊಹಿಸೋದಿಲ್ಲ.

ಆಮೇಲೆ ಪರದೆ ಆರಿಸಿ, ಅರಿಶಿನ ಹಚ್ಚಿ ಒಣಗಿಸಿದ ಕಾಗದ ಕೈಗೆ ಕೊಡಬೇಕು. ಬಟ್ಟೆ ಸೋಪನ್ನ ನೀರಲ್ಲಿ ಕದಡಿ ಒಂದು ಹನಿ. ಹಳದಿ ಕೆಂಪಗಾಗೋದು ಬೆರಳ ತುದೀಲೇ ಕಾಣತ್ತೆ. ಅದರ ಮೇಲೆ ನಿಂಬೆ ಹಿಂಡಿದರೆ ಮತ್ತೆ ಹಳದಿ.